ಎರಡನೆಯ ಸ್ಟೂಲು

ಬಡಗಿ ಆ ದಿನ ಆಸ್ಪತ್ರೆಗೆ ಬಂದದ್ದು ಹೆಗಲ ಮೇಲೊಂದು ಸ್ಟೂಲು ಹೊತ್ತುಕೊಂಡು. ಹೊರರೋಗಿಗಳ ಸಾಲಿನಲ್ಲಿ ಕೂತಿದ್ದವರೆಲ್ಲ ಅದರ ಕಾಲು ತಮ್ಮ ತಲೆಗೆ ತಾಗೀತೆಂದು ಆಚೆಗೊಬ್ಬರು ಈಚೆಗೊಬ್ಬರು ಬಾಗಿದರು. ಮೂಲೆಯಲ್ಲಿದ್ದ ಮುದುಕನೊಬ್ಬ, "ಇಲ್ಲಿ ಕೂರೋಕೆ ಜಾಗ ಸಿಗಲ್ಲ ಅಂತ ಮನೆಯಿಂದ್ಲೇ ತಂದ್ಯೇನಪ್ಪಾ?" ಎಂದ. ಜನ ನಕ್ಕರು, ಬಡಗಿಯೂ ನಕ್ಕ. "ನನಗಲ್ಲ ತಾತ, ಒಳಗಿರೋ ಡಾಕ್ಟ್ರಿಗೆ" ಎಂದು ಹೇಳಿ, ತನ್ನ ಸರದಿ ಬರುವವರೆಗೂ ಅದರ ಮೇಲೆ ತಾನು ಕೂರದೆ ಪಕ್ಕದಲ್ಲಿ ನಿಂತೇ ಇದ್ದ.

ಒಳಗೆ ಡಾಕ್ಟರಿಗೆ ಆ ದನಿ ಕೇಳಿಸಿತು. ಬರೆಯುತ್ತಿದ್ದ ಪೆನ್ನು ನಿಂತಿತು. ಬಡಗಿಯ ದನಿ ಕೇಳಿದರೆ ಸಾಕು, ಎದ್ದು ಹೊರಟುಬಿಡೋಣ ಎನ್ನಿಸುತ್ತಿತ್ತು. ಬೈಯುವ ರೋಗಿಗಳನ್ನು ಅವರು ಬೇಕಾದಷ್ಟು ಕಂಡಿದ್ದರು. ಅಂಥವರನ್ನು ಎದುರಿಸುವುದು ಕಷ್ಟವಲ್ಲ. ಈ ಮನುಷ್ಯ ಬೈಯುತ್ತಿರಲಿಲ್ಲ. ಬಂದಾಗಲೆಲ್ಲ ಅವರ ಎರಡೂ ಕೈ ಹಿಡಿದುಕೊಂಡು ಉಪಕಾರ ಸ್ಮರಿಸಿ ಹೋಗುತ್ತಿದ್ದ.

"ಆಪರೇಷನ್ ಮಾಡೋ ಆ ಮಿಷನ್ ಮುಂದೆ ಗಂಟೆಗಟ್ಲೆ ಕೂತು ಬೆನ್ನು ಹಿಡ್ಕೊಳ್ಳತ್ತೆ ಅಂತ ಸಿಸ್ಟರ್ ಹತ್ರ ಹೇಳ್ತಿದ್ರಲ್ಲ, ವಾರ್ಡಲ್ಲಿ ಮಲಗಿದ್ದಾಗ ಕೇಳಿಸ್ಕೊಂಡಿದ್ದೆ" ಎನ್ನುತ್ತ ಬಡಗಿ ಸ್ಟೂಲನ್ನು ಮೇಜಿನ ಪಕ್ಕ ಇಳಿಸಿದ. "ಕೂತು ನೋಡಿ."

"ಸುಮ್ನೆ ಯಾಕೆ ತೊಂದ್ರೆ ತಗೊಂಡ್ರಿ ಯಜಮಾನ್ರೆ?"

"ಕೂತು ನೋಡಿ ಅಂದೆ."

ಡಾಕ್ಟರು ಕೂತರು. ಪಾದ ನೆಲಕ್ಕೆ ಸರಿಯಾಗಿ ಊರಿತು, ಬೆನ್ನು ತಾನಾಗಿಯೇ ನೆಟ್ಟಗಾಯಿತು. ತಮ್ಮ ಮೈಗೆ ಇಷ್ಟು ಒಪ್ಪುವ ಆಸನದ ಮೇಲೆ ಅವರು ಅದುವರೆಗೆ ಕೂತಿರಲಿಲ್ಲ. ಒಂದು ಕ್ಷಣವೂ ಅಲ್ಲಿರಲಾಗದೆ ಎದ್ದುಬಿಟ್ಟರು. "ಅಳತೆ ಯಾವಾಗ ತಗೊಂಡ್ರಿ?"

"ಅಳತೆ ಯಾಕೆ? ರೌಂಡ್ಸಿಗೆ ಬಂದಾಗೆಲ್ಲ ನೋಡ್ತಿರಲಿಲ್ವಾ? ಕಣ್ಣಳತೆ. ಒಂದೂ ಮೊಳೆ ಇಲ್ಲ, ಮರಕ್ಕೆ ಮರ ಕೂರಿಸಿದೀನಿ."

ಡಾಕ್ಟರು ಮಾತು ಬದಲಿಸಿ ಅವನ ರಕ್ತದೊತ್ತಡ ನೋಡಿದರು. ಭುಜದ ನೋವು ಹೇಗಿದೆ ಎಂದು ಕೇಳಿದರು.

"ಅದು ಇದ್ದೇ ಇದೆ. ಮೊದಲೆಲ್ಲ ಸಂಜೆ ಒಂದು ಮಾತ್ರೆ ನುಂಗಿ ಮಲಗಿದ್ರೆ ಬೆಳಿಗ್ಗೆ ಮತ್ತೆ ಗರಗಸ ಹಿಡೀತಿದ್ದೆ. ಈಗ ಇರೋದು ಒಂದೇ ಕಿಡ್ನಿ, ನೋವಿನ ಮಾತ್ರೆ ಮುಟ್ಟಬೇಡ ಅಂದಿದೀರಲ್ಲ. ಅದಕ್ಕೇ ಬಾಗಿಲು, ಮಂಚ ಅಂತ ದೊಡ್ಡ ಕೆಲಸ ಒಪ್ಕೊಳ್ಳೋದು ಬಿಟ್ಟಿದೀನಿ. ಇಂಥ ಸಣ್ಣಪುಟ್ಟದ್ದು ಅಷ್ಟೇ. ಇರ್ಲಿ ಬಿಡಿ, ಜೀವ ಉಳೀತಲ್ಲ. ಗಡ್ಡೆ ಅಷ್ಟು ಆಳಕ್ಕೆ ಇಳಿದಿದ್ರೆ ನೀವಾದ್ರೂ ಏನು ಮಾಡ್ತೀರಿ?"

ಗಡ್ಡೆ ಅಷ್ಟು ಆಳಕ್ಕೆ ಇಳಿದಿರಲಿಲ್ಲ. ಅದು ಡಾಕ್ಟರಿಗೆ ಗೊತ್ತಿತ್ತು.

"ನಮ್ಮ ಬೀದಿ ಬೇಕರಿಯವನಿಗೂ ಅದೇ ಕಾಯಿಲೆ ಅಂತೆ" ಎಂದ ಬಡಗಿ, ಅಂಗಿಯ ತೋಳು ಇಳಿಸಿಕೊಳ್ಳುತ್ತ. "ನಾನೇ ನಿಮ್ಮ ಹತ್ರ ಕಳಿಸ್ದೆ. ಸೇರ್ಕೊಂಡ್ನಾ?"

"ಹೂಂ. ನಾಡಿದ್ದು ಆಪರೇಷನ್."

"ಅದೇ ಮಿಷನ್ನಲ್ಲಿ ತಾನೆ? ಮೊದ್ಲು ಬಹಳ ಹೆದರಿದ್ದ. ನಾನಿಲ್ವೇನೋ ನಿನ್ನ ಕಣ್ಮುಂದೆ ಅಂತ ಬೈದು ಕಳಿಸ್ದೆ" ಎಂದು ಹೇಳಿ ಅವನು ಖುಷಿಯಿಂದ ಹೊರಟ. ಸ್ಟೂಲು ಅಲ್ಲೇ ಉಳಿಯಿತು.

ಮರದ ಸಾಮಾನನ್ನು ಆಪರೇಷನ್ ಕೋಣೆಯೊಳಗೆ ಬಿಡುವ ಹಾಗಿಲ್ಲ. ಸಿಸ್ಟರ್ ಅದನ್ನು ಎತ್ತಿಕೊಂಡು ಹೋಗಿ, ಆಚೆಗಿದ್ದ ಅಭ್ಯಾಸದ ಕೋಣೆಯಲ್ಲಿ ಇಟ್ಟಳು. ಹೊಸ ಯಂತ್ರದ ಜೊತೆ ಕಳಿಸಿದ್ದ, ರೋಗಿಯಿಲ್ಲದೆ ಹೊಲಿದು ಕಲಿಯುವ ಅಭ್ಯಾಸದ ಪರದೆ ಅಲ್ಲಿತ್ತು. ಅದರ ಮೇಲೆ ಧೂಳು ಕೂತಿತ್ತು.

ಊರಿನಲ್ಲಿ ಅವರಿಗೆ ಕೈಗುಣದ ಡಾಕ್ಟರೆಂದೇ ಹೆಸರು. ಅವರ ಕೈ ಬಿದ್ದರೆ ಕಾಯಿಲೆ ಅರ್ಧ ಇಳಿಯಿತು ಎನ್ನುವವರಿದ್ದರು. ಕಿಡ್ನಿ ಎಂಬುದು ಬಹಳ ಮೆತ್ತಗಿನ ಅಂಗ. ಅದರೊಳಗಿನ ಗಡ್ಡೆಯನ್ನು ಮಾತ್ರ ಬಿಡಿಸಿ ತೆಗೆದು ಉಳಿದದ್ದನ್ನು ಹೊಲಿಯುವಾಗ ದಾರ ಒಂದಿಷ್ಟು ಸಡಿಲವಾದರೆ ರಕ್ತ ಸೋರುತ್ತದೆ, ಒಂದಿಷ್ಟು ಬಿಗಿಯಾದರೆ ದಾರವೇ ಅಂಗವನ್ನು ಸೀಳಿಬಿಡುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಡಾಕ್ಟರ ಹೆಬ್ಬೆರಳಿಗೂ ತೋರುಬೆರಳಿಗೂ ಗೊತ್ತಿತ್ತು. ಅವರಿಗೇ ಗೊತ್ತಿರಲಿಲ್ಲ, ಬೆರಳುಗಳಿಗೆ ಗೊತ್ತಿತ್ತು.

ಹೊಸ ರೋಬೋಟ್ ಬಂದ ಮೇಲೆ ಆ ಬೆರಳುಗಳು ರೋಗಿಯ ಮೈಯಿಂದ ದೂರವಾದವು. ಡಾಕ್ಟರು ಕೋಣೆಯ ಇನ್ನೊಂದು ಬದಿಯಲ್ಲಿ ಪೆಟ್ಟಿಗೆಯಂಥದೊಂದರಲ್ಲಿ ಮುಖವಿಟ್ಟು ಕೂರುತ್ತಿದ್ದರು. ಅವರ ಕೈ ಅಲ್ಲಾಡಿದಂತೆ ಅಲ್ಲಿ ಯಂತ್ರದ ತೆಳ್ಳನೆಯ ತೋಳುಗಳು ರೋಗಿಯ ಹೊಟ್ಟೆಯೊಳಗೆ ಅಲ್ಲಾಡುತ್ತಿದ್ದವು. ಕಾಣುವುದೆಲ್ಲ ಹತ್ತು ಪಟ್ಟು ದೊಡ್ಡದಾಗಿ, ಆಳ ಅಗಲ ಸಮೇತ ಕಾಣುತ್ತಿತ್ತು. ಕೈ ನಡುಗಿದರೂ ಯಂತ್ರ ನಡುಗುತ್ತಿರಲಿಲ್ಲ. ದೊಡ್ಡ ಗಾಯದ ಬದಲು ಸಣ್ಣ ತೂತುಗಳು, ರೋಗಿ ಬೇಗ ಎದ್ದು ಓಡಾಡುತ್ತಿದ್ದ. ಒಳ್ಳೆಯ ಯಂತ್ರ ಎನ್ನುವುದರಲ್ಲಿ ಡಾಕ್ಟರಿಗೆ ಅನುಮಾನವಿರಲಿಲ್ಲ. ಒಂದೇ ಕೊರತೆಯೆಂದರೆ, ದಾರ ಎಳೆದಾಗ ಬೆರಳಿಗೆ ಏನೂ ತಿಳಿಯುತ್ತಿರಲಿಲ್ಲ. ಬಿಗಿಯನ್ನು ಕಣ್ಣಿನಿಂದ ಅಂದಾಜು ಮಾಡಬೇಕಿತ್ತು. ಅದು ಹೊಸದಾಗಿ ಕಲಿಯಬೇಕಾದ ವಿದ್ಯೆ.

ಕಲಿಸಲು ಬೇರೆ ಊರಿನಿಂದ ಹಿರಿಯ ಸರ್ಜನ್ ಒಬ್ಬರು ಬಂದಿದ್ದರು. ಪಕ್ಕದಲ್ಲೇ ಇನ್ನೊಂದು ಪೆಟ್ಟಿಗೆಯ ಮುಂದೆ ಕೂತು, ಅಗತ್ಯ ಬಿದ್ದಾಗ ಯಂತ್ರದ ತೋಳುಗಳನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಿದ್ದರು. "ನಿಲ್ಲಿ, ಎಳೀಬೇಡಿ" ಎಂದು ಅವರು ಎಲ್ಲರೆದುರು ಹೇಳಿದಾಗ ಡಾಕ್ಟರ ಕಿವಿ ಬಿಸಿಯಾಗಿತ್ತು. ತಲೆ ನರೆತ ಮೇಲೆ, ಇಡೀ ಊರು ತಮ್ಮ ಕೈಯನ್ನು ಕೊಂಡಾಡುವಾಗ, ಸಿಸ್ಟರುಗಳ ಮುಂದೆ ಶಾಲೆಯ ಹುಡುಗನ ಹಾಗೆ ಅನ್ನಿಸಿಕೊಳ್ಳುವುದು ಅವರಿಗೆ ನುಂಗಲಾರದ ತುತ್ತಾಯಿತು. ಕೆಲವೇ ಆಪರೇಷನ್‌ಗಳ ಬಳಿಕ, "ಇನ್ನು ನಾನೊಬ್ನೇ ನಿಭಾಯಿಸ್ತೀನಿ" ಎಂದು ಅವರನ್ನು ಕಳಿಸಿಕೊಟ್ಟರು. ಹಿರಿಯರು ಒಮ್ಮೆ ಅವರ ಮುಖ ನೋಡಿ, ಬ್ಯಾಗು ತೆಗೆದುಕೊಂಡು ಹೊರಟುಹೋದರು.

ಅದಾದ ಮೇಲೆ ಬಂದವನೇ ಬಡಗಿ. ದಾರ ಎಳೆದರು, ಸರಿಯಿದೆ ಅನ್ನಿಸಿತು, ಇನ್ನೊಂದು ಚೂರು ಎಳೆದರು. ಕಿಡ್ನಿ ಸೀಳಿತು. ಮತ್ತೆ ಹೊಲಿದರು, ಮತ್ತೆ ಸೀಳಿತು. ರಕ್ತದ ಹರಿವನ್ನು ಹೆಚ್ಚು ಹೊತ್ತು ಕಟ್ಟಿ ನಿಲ್ಲಿಸುವಂತಿರಲಿಲ್ಲ. ಕೊನೆಗೆ ಜೀವ ಉಳಿಸಲು ಇಡೀ ಕಿಡ್ನಿಯನ್ನೇ ತೆಗೆಯಬೇಕಾಯಿತು. ಹೊರಗೆ ಕಾಯುತ್ತಿದ್ದ ಬಡಗಿಯ ಹೆಂಡತಿಗೆ ಅವರು, "ಗಡ್ಡೆ ಬಹಳ ಆಳಕ್ಕೆ ಹೋಗಿತ್ತಮ್ಮ" ಎಂದರು. ಆ ಮಾತು ಅವರ ಬಾಯಿಂದ ಅಷ್ಟು ಸಲೀಸಾಗಿ ಹೇಗೆ ಬಂತೆಂದು ಅವರಿಗೆ ಇಂದಿಗೂ ಆಶ್ಚರ್ಯ. ಅಂದಿನಿಂದ ಸುಮ್ಮನೆ ಕೂತಾಗ, ಊಟಕ್ಕೆ ಕೂತಾಗ, ಅವರ ಹೆಬ್ಬೆರಳೂ ತೋರುಬೆರಳೂ ಇಲ್ಲದ ದಾರವೊಂದನ್ನು ಎಳೆಯುತ್ತಲೇ ಇರುತ್ತಿದ್ದವು.

ಬಡಗಿ ಸ್ಟೂಲು ತಂದ ದಿನ ಸಂಜೆ ಆಸ್ಪತ್ರೆಯ ಗೇಟಿನ ಮುಂದೆ ಡಾಕ್ಟರ ಅಕ್ಕನ ಕಾರು ನಿಂತಿತ್ತು. ಅಕ್ಕ ಡ್ರೈವಿಂಗ್ ಸ್ಕೂಲ್ ನಡೆಸುವವಳು. ಊರಿನ ಅರ್ಧ ಜನಕ್ಕೆ ಸ್ಟೀರಿಂಗ್ ಹಿಡಿಯುವುದನ್ನು ಕಲಿಸಿದವಳು, ಉಳಿದರ್ಧ ಜನಕ್ಕೆ ಕಿಟಕಿಯಿಂದ ತಲೆ ಹೊರಹಾಕಿ ಬೈದವಳು. ಹಿಂದಿನ ದಿನವಷ್ಟೇ ಅವಳ ಸ್ಕ್ಯಾನ್ ಆಗಿತ್ತು. ಅವಳ ಕಿಡ್ನಿಯಲ್ಲೂ ಒಂದು ಸಣ್ಣ ಗಡ್ಡೆ ಕಾಣಿಸಿಕೊಂಡಿತ್ತು. ಅದನ್ನು ಕೇಳಿಯೂ ಅವಳು, "ಇಷ್ಟು ವರ್ಷ ಪಕ್ಕದಲ್ಲಿ ಕೂತು ಕಲಿತೋರ ಭಯವೆಲ್ಲ ಗಟ್ಟಿಯಾಗಿ ಅಲ್ಲಿ ಕೂತಿರ್ಬೇಕು" ಎಂದಿದ್ದಳು.

"ಬಾ ಪುಟ್ಟೂ, ನೀನೇ ಓಡಿಸು" ಎಂದು ಪಕ್ಕದ ಸೀಟಿಗೆ ಸರಿದಳು. ಐವತ್ತು ದಾಟಿದ, ತಲೆ ಬೋಳಾಗುತ್ತಿರುವ ಡಾಕ್ಟರು ಲೋಕದಲ್ಲಿ ಅವಳೊಬ್ಬಳಿಗೆ ಪುಟ್ಟು. ಅವರು ಕಾರು ಓಡಿಸುವುದು ಅವಳಿಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಆದರೂ ಏನಾದರೂ ಗಂಭೀರವಾದ ಮಾತಿದ್ದರೆ ಹೀಗೆ ಅವರ ಕೈಗೆ ಸ್ಟೀರಿಂಗ್ ಕೊಡುತ್ತಿದ್ದಳು. ಕೈಕಾಲಿಗೆ ಕೆಲಸ ಕೊಟ್ಟರೆ ಇವನು ಬಾಯಿ ಬಿಡುತ್ತಾನೆಂದು ಅವಳ ಲೆಕ್ಕಾಚಾರ.

"ನಿನ್ನ ಮಿಷನ್ನಲ್ಲಿ ನನಗೆ ಯಾವಾಗ ಮಾಡ್ಸೋದು?" ಎಂದು ಕೇಳಿದಳು, ಕಾರು ಮುಖ್ಯರಸ್ತೆಗೆ ಬಂದ ಮೇಲೆ. "ಸಣ್ಣ ತೂತು, ಬೇಗ ವಾಸಿ ಅಂತ ಬೋರ್ಡಲ್ಲಿ ಹಾಕಿದೀರಲ್ಲ. ನಾನೂ ಬೇಗ ಕಾರು ಹತ್ತಬೇಕು. ಕಲಿಯೋರು ಕಾಯ್ತಿದಾರೆ."

"ನಿನಗೆ ಅದು ಬೇಡಕ್ಕ."

"ಯಾಕೆ?"

"ಸ್ವಂತದವರಿಗೆ ನಾವು ಆಪರೇಷನ್ ಮಾಡಬಾರದು. ನನ್ನ ಜೊತೆ ಓದಿದವನೊಬ್ಬ ಇದಾನೆ, ಬೇರೆ ಆಸ್ಪತ್ರೆ. ಹಳೇ ಪದ್ಧತೀಲಿ ತೆರೆದೇ ಮಾಡ್ತಾನೆ. ಗಾಯ ದೊಡ್ಡದಾಗತ್ತೆ, ಆದ್ರೆ ಭಯ ಇಲ್ಲ."

"ಭಯ ಇಲ್ಲ ಅಂದ್ರೆ? ನಿನ್ನದ್ರಲ್ಲಿ ಭಯ ಇದೆ ಅಂತಾಯ್ತಲ್ಲ."

ಡಾಕ್ಟರು ಉತ್ತರ ಹುಡುಕುತ್ತ ಅವಳ ಕಡೆ ತಿರುಗಿದರು. ಅಷ್ಟರಲ್ಲಿ ಕಾರು ಧಡ್ಡನೆ ನಿಂತಿತು. ಬಾನೆಟ್ಟಿನ ಮುಂದೆಯೇ ಸೈಕಲ್ಲಿನವನೊಬ್ಬ ಒಂದು ಕಾಲೂರಿ ನಿಂತು ಅವರನ್ನೇ ದುರುಗುಟ್ಟಿ ನೋಡುತ್ತಿದ್ದ. ಡಾಕ್ಟರ ಕಾಲು ಇನ್ನೂ ಬ್ರೇಕಿನ ಮೇಲೆ ಬಂದೇ ಇರಲಿಲ್ಲ. ಕಾರನ್ನು ನಿಲ್ಲಿಸಿದ್ದು ಅಕ್ಕನ ಕಾಲು. ಅವಳ ಕಾಲಿನ ಬಳಿ ಕಲಿಸುವವರಿಗೆಂದೇ ಇನ್ನೊಂದು ಬ್ರೇಕ್ ಇತ್ತು.

"ಪಕ್ಕಕ್ಕೆ ಹಾಕು" ಎಂದಳು. ಹಾಕಿದರು. "ಈಗ ಹೇಳು."

ಡಾಕ್ಟರು ಹೇಳಿದರು. ಬಡಗಿಯದನ್ನೆಲ್ಲ, ನಾಡಿದ್ದಿನ ಬೇಕರಿಯವನ ಆಪರೇಷನ್ ವಿಷಯವನ್ನೂ ಹೇಳಿದರು. ಯಾರಿಗೂ ಹೇಳದೆ ಇಟ್ಟುಕೊಂಡಿದ್ದದ್ದನ್ನು ಹೇಳಿ ಮುಗಿಸುವ ಹೊತ್ತಿಗೆ ಅಂಗಿಯ ಬೆನ್ನು ಒದ್ದೆಯಾಗಿತ್ತು. ಅಕ್ಕ ಸಮಾಧಾನ ಮಾಡಬಹುದೆಂದು ಒಳಗೊಳಗೇ ಆಸೆಯಿತ್ತು. ಅವಳು ಮಾಡಲಿಲ್ಲ.

"ಆ ಬೇಕರಿಯವನಿಗೆ ಇದೆಲ್ಲ ಗೊತ್ತಾ?"

"ಹೇಳಿದ್ರೆ ಯಾರಕ್ಕ ಮಲಗ್ತಾರೆ? ನಾನಿನ್ನೂ ಕಲೀತಿದೀನಿ, ನಿಮ್ಮ ಮೇಲೆ ಕಲೀತೀನಿ ಅಂದ್ರೆ ಎದ್ದು ಓಡ್ತಾರೆ. ಆಮೇಲೆ ಯಾವ ಡಾಕ್ಟರು ಯಾವ ಹೊಸದನ್ನ ಕಲಿಯೋಕಾಗತ್ತೆ? ಎಲ್ಲದಕ್ಕೂ ಒಬ್ಬ ಮೊದಲನೇ ರೋಗಿ ಅಂತ ಇರಲೇಬೇಕು. ಅವತ್ತು ಹಾಗೆ ಮಲಗಿದೋರಿಂದ್ಲೇ ಇವತ್ತು ಇಷ್ಟು ಜನ ಬದುಕಿರೋದು."

ಅದೂ ಸುಳ್ಳಲ್ಲ. ಅಕ್ಕ ಕೈಚಾಚಿ ಕಾರಿನ ಇಂಜಿನ್ ಆರಿಸಿದಳು.

"ನನ್ನ ಕಾರಿಗೆ ಹಿಂದೆ ಮುಂದೆ ಎಲ್ ಬೋರ್ಡ್ ಇದೆ ಪುಟ್ಟು. ಒಳಗಿರೋನು ಕಲೀತಿದಾನೆ ಅಂತ ರಸ್ತೇಲಿ ಹೋಗೋ ಎಲ್ಲರಿಗೂ ಗೊತ್ತಾಗ್ಲಿ ಅಂತ. ಅದನ್ನ ನೋಡಿ ಯಾರಾದ್ರೂ ರಸ್ತೆ ಬಿಟ್ಟು ಮನೇಲಿ ಕೂತಿದಾರಾ? ಜಾಗ ಬಿಡ್ತಾರೆ. ಪಕ್ಕದಲ್ಲಿ ನಾನಿದೀನಿ ಅಂತ ನಂಬಿ ಬಿಡ್ತಾರೆ. ನಿನ್ನ ಆಸ್ಪತ್ರೆ ಮುಂದೆ ಏನು ಹಾಕಿದೀರಿ? ಆಳೆತ್ತರದ ನಿನ್ನ ಫೋಟೋ." ಅವಳು ಒಂದು ಸಲ ಉಸಿರೆಳೆದುಕೊಂಡಳು. "ಕಲಿಯೋದು ತಪ್ಪು ಅಂತ ನಾನಂತೂ ಅನ್ನಲ್ಲ, ನನ್ನ ಅನ್ನವೇ ಅದು. ನಿನ್ನ ಪಕ್ಕ ಯಾರಿದ್ರು ಹೇಳು."

"ಇದ್ರು. ನಾನೇ ಕಳಿಸ್ಬಿಟ್ಟೆ."

"ಅಕ್ಕನಿಗೆ ಬೇಡ, ಬೇಕರಿಯವನಿಗೆ ಆಗತ್ತೆ" ಎಂದಳು ಅವಳು, ಬಾಗಿಲು ತೆರೆದು ಇಳಿಯುತ್ತ. "ಏಳು ಅಲ್ಲಿಂದ. ನಾನು ಓಡಿಸ್ತೀನಿ."

ದಾರಿಯುದ್ದಕ್ಕೂ ಅಡ್ಡ ಬಂದವರನ್ನೂ ಅವಳು ಬೈಯಲಿಲ್ಲ. ಅಕ್ಕ ಬೈಯದೆ ಇದ್ದದ್ದು ಅವರ ನೆನಪಿನಲ್ಲಿ ಅದೇ ಮೊದಲು.

ಮರುದಿನ ಡಾಕ್ಟರು ಕಾಲು ಸುಟ್ಟ ಬೆಕ್ಕಿನಂತೆ ಕಾರಿಡಾರಿನಲ್ಲಿ ಓಡಾಡಿದರು. ಬೇಕರಿಯವನ ವಾರ್ಡಿನ ಬಾಗಿಲವರೆಗೆ ಹೋಗಿ, ಏನೋ ಮರೆತವರಂತೆ ಹಿಂದಿರುಗಿದರು. ಫೋನು ಬಂದರೆ ತೆಗೆಯಲಿಲ್ಲ, ಬಾರದಿದ್ದರೆ ಬಂದಿದೆಯೇ ಎಂದು ನೋಡಿದರು. ಕೊನೆಗೆ ಮೇಲಿನ ಮಹಡಿಗೆ ಹೋಗಿ ಆಡಳಿತದ ಮೇಡಂ ಕೋಣೆಯ ಬಾಗಿಲು ತಟ್ಟಿದರು.

ಮೇಡಂ ಕೆಟ್ಟವರಲ್ಲ. ಆಸ್ಪತ್ರೆಗೆ ಆ ಯಂತ್ರ ತರಿಸಲು ಹಗಲಿರುಳು ಓಡಾಡಿದವರು. ತಾವಿನ್ನೂ ಕಲಿಯುತ್ತಿರುವುದನ್ನು ಬೇಕರಿಯವನಿಗೆ ಹೇಳಬೇಕು, ನಾಳೆ ಆಪರೇಷನ್ ಬೇಡ ಎಂಬ ಡಾಕ್ಟರ ಮಾತನ್ನು ಕನ್ನಡಕ ತೆಗೆದಿಟ್ಟು ಪೂರ್ತಿ ಕೇಳಿದರು.

"ನಾಳೆ ಈ ಆಪರೇಷನ್ ತೋರಿಸೋಕೆ ಅಂತ್ಲೇ ಟಿವಿಯವರು ಬರ್ತಿದಾರೆ ಡಾಕ್ಟ್ರೆ. ಇವತ್ತು ಬಂದು ಹೀಗಂದ್ರೆ ಹೇಗೆ? ಹಿಂದೆ ತೂತು ಹಾಕಿ ಮಾಡೋ ಆಪರೇಷನ್ ಹೊಸದಾಗಿ ಬಂದಾಗ ನೀವೇ ತಾನೆ ಇಲ್ಲಿ ಶುರು ಮಾಡಿದ್ದು? ಆಗ ಯಾರಿಗೆ ಹೇಳಿದ್ರಿ, ನಾನು ಕಲೀತಿದೀನಿ ಅಂತ?"

"ಯಾರಿಗೂ ಹೇಳಿರಲಿಲ್ಲ."

"ಅದ್ರಿಂದ ಯಾರಿಗೆ ಕೆಟ್ಟದಾಯ್ತು? ಜನ ಭಯದಿಂದ ಈ ಮಿಷನ್ ಬೇಡ ಅಂದ್ರೆ, ದೊಡ್ಡ ಗಾಯ ಮಾಡಿಸ್ಕೊಂಡು ತಿಂಗಳಾನುಗಟ್ಲೆ ನರಳೋರು ಅವರೇ. ಅದೂ ನಮ್ಮ ತಪ್ಪೇ ಆಗತ್ತೆ."

"ಮಿಷನ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ ಮೇಡಂ. ನನಗೆ ಅದಿನ್ನೂ ಪೂರ್ತಿ ಬಂದಿಲ್ಲ ಅಂತ ಹೇಳ್ತಿದೀನಿ. ಬಡಗಿ ಕಿಡ್ನಿ ಹೋಗಿದ್ದು ಗಡ್ಡೆಯಿಂದಲ್ಲ, ನನ್ನಿಂದ."

ಮೇಡಂ ಮೇಜಿನ ಮೇಲಿನ ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಇದನ್ನ ಅವತ್ತೇ ನನಗೆ ಹೇಳಬೇಕಿತ್ತು" ಎಂದರು. ಅವರ ದನಿ ಗಟ್ಟಿಯಾಗಲಿಲ್ಲ, ಆದರೆ ಬದಲಾಗಿತ್ತು. "ಹಿರಿಯರನ್ನ ಕಳಿಸಿ ಅಂದದ್ದು ನಾನಲ್ಲ. ಇನ್ನೂ ಎಷ್ಟು ದಿನ ಬೇಕಾದ್ರೂ ಬರ್ತೀನಿ ಅಂದಿದ್ರು ಅವರು. ಬೇಡ ಅಂತ ನೀವಂದ್ರಿ. ಕೈಗುಣದ ಡಾಕ್ಟರು ಬೇಡ ಅಂದ್ಮೇಲೆ ನಾನ್ಯಾರು ಕೇಳೋಕೆ? ಫೋನ್ ಮಾಡಿ ಕರೀರಿ. ನೀವೇ ಮಾಡಬೇಕು, ನಾನು ಮಾಡಲ್ಲ. ಟಿವಿಯವರಿಗೆ ಏನೋ ಒಂದು ಹೇಳ್ಕೋತೀನಿ."

ಆ ಫೋನು ಮಾಡಲು ಡಾಕ್ಟರು ಒಂದು ಲೋಟ ನೀರು ಕುಡಿಯಬೇಕಾಯಿತು. "ನಾನೇ ದುಡುಕಿದೆ, ದಯವಿಟ್ಟು ಬನ್ನಿ" ಎಂದರು. ಆಚೆಯಿಂದ ಹಿರಿಯರು, "ಮುಂದಿನ ವಾರ ಬರ್ತೀನಿ. ಅಷ್ಟರಲ್ಲಿ ಅಭ್ಯಾಸದ ಪರದೆ ಮುಂದೆ ದಿನಾ ಕೂತ್ಕೊಳ್ಳಿ" ಎಂದರು. ಬೇರೇನೂ ಕೇಳಲಿಲ್ಲ.

ಬೇಕರಿಯವನು ಹಾಸಿಗೆಯ ಮೇಲೆ ಕೂತು ಹೆಂಡತಿಗೆ ಒಲೆಯ ಉರಿ ಎಷ್ಟಿರಬೇಕು, ಬ್ರೆಡ್ಡಿನ ತಟ್ಟೆಗಳನ್ನು ಯಾವಾಗ ಹೊರಗೆಳೆಯಬೇಕು ಎಂದು ಪಾಠ ಹೇಳುತ್ತಿದ್ದ. ಅವಳು ಹೂಂಗುಟ್ಟುತ್ತ ಅವನ ಬಟ್ಟೆ ಮಡಚುತ್ತಿದ್ದಳು. ಡಾಕ್ಟರು ಕುರ್ಚಿ ಎಳೆದುಕೊಂಡು ಕೂತದ್ದನ್ನು ನೋಡಿ ಇಬ್ಬರೂ ಸುಮ್ಮನಾದರು. ಅವರು ವಾರ್ಡಿನಲ್ಲಿ ಕೂತು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ.

ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. ಕೈಯಲ್ಲಿ ಮಾಡುವುದು ತಮಗೆ ಚೆನ್ನಾಗಿ ಗೊತ್ತು, ಯಂತ್ರದಲ್ಲಿ ತಾವಿನ್ನೂ ಕಲಿಯುತ್ತಿರುವುದು ಎಂದರು. ಕೈಯಲ್ಲಿ ಮಾಡಿದರೆ ಗಾಯ ದೊಡ್ಡದು, ಬಹಳ ದಿನ ಭಾರ ಎತ್ತುವಂತಿಲ್ಲ. ಯಂತ್ರದಲ್ಲಾದರೆ ಬೇಗ ವಾಸಿ, ಆದರೆ ಹಾಗೆ ಮಾಡುವಾಗ ತಮ್ಮ ಪಕ್ಕದಲ್ಲಿ ಅನುಭವಿಯೊಬ್ಬರು ಇರಬೇಕು, ಅವರು ಬರುವುದು ಮುಂದಿನ ವಾರ. "ಯಾವುದು ಅಂತ ನೀವು ಹೇಳಿ. ಬೇರೆ ಆಸ್ಪತ್ರೆಗೆ ಹೋಗ್ತೀವಿ ಅಂದ್ರೂ ನಾನೇ ಪತ್ರ ಬರೆದು ಕೊಡ್ತೀನಿ."

ಹೆಂಡತಿ ಮಡಚುತ್ತಿದ್ದ ಅಂಗಿಯನ್ನು ಹಾಸಿಗೆಯ ಮೇಲೆ ಹಾಕಿದಳು.

"ಬೆಳಗಾದ್ರೆ ಆಪರೇಷನ್ನು. ಈಗ ಬಂದು ಹೇಳ್ತೀರಾ? ನಿನ್ನೆ ಸಹಿ ಹಾಕಿಸ್ಕೊಳ್ಳುವಾಗ ಎಲ್ಲಿಗೆ ಹೋಗಿತ್ತು ಈ ಮಾತು?"

"ನಿನ್ನೆ ಹೇಳೋ ಧೈರ್ಯ ಇರಲಿಲ್ಲಮ್ಮ."

"ಮತ್ತೆ ನಮ್ಮ ಬಡಗಿಗೆ? ಅವನ ಕಿಡ್ನಿ ತೆಗೆದಿರಲ್ಲ, ಅದು?"

ಈ ಪ್ರಶ್ನೆ ಬಂದೇ ಬರುತ್ತದೆಂದು ಡಾಕ್ಟರಿಗೆ ಗೊತ್ತಿತ್ತು. "ಅದನ್ನ ಮೊದಲು ಅವರಿಗೇ ಹೇಳಬೇಕು. ಇಲ್ಲಿಂದ ಅಲ್ಲಿಗೇ ಹೋಗ್ತಿದೀನಿ."

ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಬೇಕರಿಯವನಿಗೆ ಅರ್ಥವಾಗಬೇಕಾದದ್ದು ಅರ್ಥವಾದಂತೆ ಕಂಡಿತು. ತನ್ನ ಹಿಟ್ಟು ನಾದುವ ದಪ್ಪ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ಒಂದು ವಾರ ತಡ ಆದ್ರೆ ಗಡ್ಡೆ ಏನೂ ಅವಸರ ಮಾಡಲ್ಲ ತಾನೆ?" ಎಂದು ಕೇಳಿದ. ಇಲ್ಲ ಎಂದರು ಡಾಕ್ಟರು. "ಹಾಗಾದ್ರೆ ಮನೆಗೆ ಹೋಗ್ತೀವಿ. ಇವಳಿಗೆ ಒಲೆ ಇನ್ನೂ ಸರಿಯಾಗಿ ಬಂದಿಲ್ಲ. ಆ ಹಿರಿಯರು ಬರ್ಲಿ, ಅವರ ಮುಖ ನೋಡಿ ಹೇಳ್ತೀನಿ."

ಬಡಗಿಯ ಕೆಲಸದ ಕೋಣೆ ಮನೆಯ ಮುಂಭಾಗದಲ್ಲೇ ಇತ್ತು. ನೆಲದ ತುಂಬ ಹೊಟ್ಟು, ಗೋಡೆಗೆ ಒರಗಿಸಿದ ಹಲಗೆಗಳು. ಅವನು ಕುರ್ಚಿಯ ಕಾಲೊಂದನ್ನು ಉಜ್ಜುತ್ತಿದ್ದವನು, ಡಾಕ್ಟರನ್ನು ಬಾಗಿಲಲ್ಲಿ ಕಂಡು ಗಡಬಡಿಸಿ ಎದ್ದ. ಕೂರಲು ಒಂದು ಹಲಗೆಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ. ಡಾಕ್ಟರು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದರು. ಗಡ್ಡೆ ಆಳಕ್ಕಿಳಿದಿರಲಿಲ್ಲ, ದಾರ ಹೆಚ್ಚು ಎಳೆದದ್ದು ತಾನು, ಕೈಯಲ್ಲಿ ಮಾಡಿದ್ದರೆ ಬಹುಶಃ ಕಿಡ್ನಿ ಉಳಿಯುತ್ತಿತ್ತು, ಪಕ್ಕದಲ್ಲಿರಬೇಕಿದ್ದವರನ್ನು ಕಳಿಸಿದ್ದು ತಾನೇ, ಆಮೇಲೆ ಸುಳ್ಳು ಹೇಳಿದ್ದೂ ತಾನೇ.

ಬಡಗಿ ಕೈಯಲ್ಲಿದ್ದ ಉಜ್ಜುವ ಕಾಗದವನ್ನು ಎರಡು ಮಡಿಕೆ ಮಾಡಿದ, ಬಿಚ್ಚಿದ, ಮತ್ತೆ ಮಡಿಕೆ ಮಾಡಿದ. ಆಮೇಲೆ ಒಳಬಾಗಿಲ ಕಡೆ ತಿರುಗಿ, "ಏ, ಬಾ ಇಲ್ಲಿ" ಎಂದು ಹೆಂಡತಿಯನ್ನು ಕರೆದ. "ಇವಳ ಮುಂದೆ ಇನ್ನೊಂದ್ಸಲ ಹೇಳಿ."

ಮೊದಲ ಸಲಕ್ಕಿಂತ ಎರಡನೆಯ ಸಲ ಹೇಳುವುದು ಕಷ್ಟವಾಯಿತು. ಕೇಳುತ್ತಿದ್ದಂತೆ ಹೆಂಡತಿಯ ಕಣ್ಣಲ್ಲಿ ನೀರು ತುಂಬಿತು. "ಅವತ್ತು ಹೊರಗೆ ನಿಮ್ಮ ಕೈ ಹಿಡ್ಕೊಂಡು ಅತ್ತೆನಲ್ಲ ನಾನು. ಇಂಥ ಡಾಕ್ಟ್ರು ಯಾರಿಗೂ ಸಿಗಲ್ಲ ಅಂತ ಬೀದೀಲೆಲ್ಲ ಹೇಳ್ಕೊಂಡು ಬಂದೆ. ಒಂದು ಮಾತು ಹೇಳಿದ್ರೆ ನಾವೇನು ನಿಮ್ಮನ್ನ ಹೊಡೀತಿದ್ವಾ?"

 ಡಾಕ್ಟರಿಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

"ಆ ಬಾಗಿಲು ನೋಡಿ" ಎಂದ ಬಡಗಿ. ಒಳಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂರದೆ ಒಂದು ಬೆರಳಿನಷ್ಟು ಸಂದು ಬಿಟ್ಟು ನಿಂತಿತ್ತು. "ನಾನು ಮಾಡಿದ ಮೊದಲನೇ ಬಾಗಿಲು. ಬೇರೆಯವರ ಮನೆಗೆ ಹಾಕೋಕೆ ಮನಸ್ಸು ಬರಲಿಲ್ಲ, ನಮ್ಮನೆಗೇ ಹಾಕ್ಕೊಂಡೆ. ಇವತ್ತಿಗೂ ಸರಿಯಾಗಿ ಮುಚ್ಚಲ್ಲ."

"ನಮ್ಮ ಕೆಲಸದಲ್ಲಿ ಹಾಗೆ ಮಾಡೋಕಾಗಲ್ಲ ಯಜಮಾನ್ರೆ. ಎಷ್ಟು ಅಭ್ಯಾಸ ಮಾಡಿದ್ರೂ ಕೊನೆಗೆ ಯಾರದೋ ಒಬ್ಬರ ಮೈಮೇಲೇ ಕಲೀಬೇಕು."

"ಹಾಗಾದ್ರೆ ಕೇಳಿ ಕಲೀಬೇಕಿತ್ತು" ಎಂದ ಬಡಗಿ.

ದೂರು ಕೊಟ್ಟರೆ ಅಲ್ಲಿಯೂ ಇದನ್ನೇ ಹೇಳುತ್ತೇನೆ ಎಂದರು ಡಾಕ್ಟರು. ಬಡಗಿ ಅದಕ್ಕೆ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ಬೇಕರಿಯವನಿಗೆ ಹೇಳಿದ್ರಾ?" ಎಂದು ಕೇಳಿದ. ಹೇಳಿದೆ ಎಂದ ಮೇಲೆ, "ಸರಿ, ಹೊರಡಿ" ಎಂದು ಕುರ್ಚಿಯ ಕಾಲನ್ನು ಮತ್ತೆ ಕೈಗೆ ತೆಗೆದುಕೊಂಡ.

ಹಿರಿಯ ಸರ್ಜನ್ ಬರುವವರೆಗೂ ಡಾಕ್ಟರು ದಿನವೂ ಅಭ್ಯಾಸದ ಕೋಣೆಗೆ ಹೋದರು. ಬಡಗಿ ಕೊಟ್ಟ ಸ್ಟೂಲಿನ ಮೇಲೆ ಕೂರಲು ಮನಸ್ಸೊಪ್ಪದೆ ಕೆಲವು ದಿನ ನಿಂತೇ ಅಭ್ಯಾಸ ಮಾಡಿದರು. ಅದನ್ನು ನೋಡಿದ ಸಿಸ್ಟರ್, "ಅದೇನೂ ಕಚ್ಚಲ್ಲ ಸರ್" ಎಂದಳು. ಕೂತರು. ಪರದೆಯ ಮೇಲೆ ದಾರ ಕಿಡ್ನಿಯನ್ನು ಸೀಳುತ್ತಿತ್ತು, ಮತ್ತೆ ಹೊಲಿಯುತ್ತಿದ್ದರು.

ಮೊದಲು ಅಕ್ಕನ ಆಪರೇಷನ್ ಆಯಿತು. ಯಂತ್ರದಲ್ಲೇ ಆಯಿತು, ಆದರೆ ಮಾಡಿದವರು ಹಿರಿಯರು. ಡಾಕ್ಟರು ಆ ದಿನ ಯಂತ್ರ ಮುಟ್ಟದೆ ಕೋಣೆಯ ಹೊರಗೆ ಕಾಯುತ್ತ ಕೂತಿದ್ದರು. ಹೊರಗೆ ಕಾಯುವವರ ಬೆಂಚಿನಲ್ಲಿ ಕೂತದ್ದು ಅವರಿಗೆ ಅದೇ ಮೊದಲು. ಒಳಗಿನಿಂದ ಬರುವವರ ಬಾಯಿಂದ ಯಾವ ಮಾತು ಬರುತ್ತದೋ ಎಂದು ಬಾಗಿಲನ್ನೇ ನೋಡುತ್ತ, ಬಡಗಿಯ ಹೆಂಡತಿ ಕೂತಿದ್ದದ್ದು ಇಲ್ಲೇ ಅಲ್ಲವೇ ಎಂದು ನೆನೆದರು. ಅಕ್ಕ ಎಚ್ಚರವಾದ ಮೇಲೆ ಕೇಳಿದ ಮೊದಲ ಮಾತು, "ನಾನಿಲ್ಲದೆ ಕಾರು ಯಾರಾದ್ರೂ ಹೊರಗೆ ತೆಗೆದ್ರಾ?" ಎಂದು.

ಬೇಕರಿಯವನು ಹಿರಿಯರ ಮುಖ ನೋಡಿ, ಅರ್ಧ ಗಂಟೆ ಅವರ ತಲೆ ತಿಂದು, ಕೊನೆಗೆ ಡಾಕ್ಟರ ಕಡೆ ತಿರುಗಿ, "ನೀವೇ ಮಾಡಿ, ಇವರು ಪಕ್ಕದಲ್ಲಿರ್ಲಿ" ಎಂದ. ಹಾಗೆಯೇ ಮಾಡಿದರು. ಹೊಲಿಯುವಾಗ ಒಂದು ಕಡೆ ಹಿರಿಯರು, "ನಿಲ್ಲಿ, ಎಳೀಬೇಡಿ. ದಾರದ ಸುತ್ತ ಬಣ್ಣ ಬಿಳುಪಾಗ್ತಿದೆ ನೋಡಿ, ಅಷ್ಟು ಸಾಕು" ಎಂದರು. ಡಾಕ್ಟರು ನಿಲ್ಲಿಸಿದರು. ಸಿಸ್ಟರುಗಳೆಲ್ಲ ಕೇಳಿಸಿಕೊಂಡರು. ಈ ಸಲ ಕಿವಿ ಬಿಸಿಯಾಗಲಿಲ್ಲ. ಬೇಕರಿಯವನ ಕಿಡ್ನಿ ಉಳಿಯಿತು.

ಆಮೇಲೆ ಬಡಗಿಯ ತಪಾಸಣೆಯ ದಿನ ಬಂತು. ಬರಲಾರನೆಂದೇ ಡಾಕ್ಟರು ಅಂದುಕೊಂಡಿದ್ದರು. ಬೆಳಗಿನಿಂದ ಹೊರಗಿನ ದನಿಗಳಿಗೆ ಕಿವಿಗೊಟ್ಟು ಕೂತಿದ್ದರೂ ಅವನ ದನಿ ಕೇಳಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಗಿಲು ತೆರೆಯಿತು. ಬಡಗಿ ಹೆಗಲ ಮೇಲೊಂದು ಸ್ಟೂಲು ಹೊತ್ತು ನಿಂತಿದ್ದ. ಮೊದಲಿನದಕ್ಕಿಂತ ಇದು ಒಂದಿಷ್ಟು ಎತ್ತರವಾಗಿತ್ತು.

"ಇದು ಪಕ್ಕದಲ್ಲಿ ಕೂರೋರಿಗೆ" ಎಂದ. "ಎತ್ತರದ ಆಳು ಅಂತ ಬೇಕರಿಯವನು ಹೇಳ್ದ."

ಡಾಕ್ಟರು ಎದ್ದು ನಿಂತರು. ಏನೋ ಹೇಳಲು ಹೋದರು. ಬಡಗಿ ಕೈಯೆತ್ತಿ ತಡೆದ.

"ಮೊದಲನೇದು ಹಂಗೇ ಕೊಟ್ಟಿದ್ದೆ. ಇದಕ್ಕೆ ದುಡ್ಡು ತಗೋತೀನಿ."

ಅವನು ಹೇಳಿದ ಬೆಲೆಯನ್ನು ಡಾಕ್ಟರು ಕೊಟ್ಟರು. ಚೌಕಾಸಿ ಮಾಡಲಿಲ್ಲ, ಹೆಚ್ಚಿಗೆಯನ್ನೂ ಕೊಡಲಿಲ್ಲ. ಬಡಗಿ ಹಣವನ್ನು ಜೇಬಿಗಿಟ್ಟುಕೊಂಡು ರೋಗಿಯ ಕುರ್ಚಿಯಲ್ಲಿ ಕೂತ. ಈ ಸಲ ಕೈ ಹಿಡಿದುಕೊಳ್ಳಲಿಲ್ಲ, ಹೊಗಳಲಿಲ್ಲ. ಅಂಗಿಯ ತೋಳನ್ನು ಮಡಚಿ ತೋಳು ಮುಂದೆ ಚಾಚಿದ. ಮೇಜಿನ ಮೇಲೆ ಅವನ ರಕ್ತಪರೀಕ್ಷೆಯ ರಿಪೋರ್ಟು ಇತ್ತು. ಉಳಿದಿದ್ದ ಒಂದು ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎನ್ನುವುದು ಅದರಲ್ಲಿತ್ತು.

"ನೋಡಿ" ಎಂದ ಬಡಗಿ. "ಇದ್ದದ್ದು ಇದ್ದ ಹಾಗೆ ಹೇಳಿ."

ಡಾಕ್ಟರು ಕನ್ನಡಕ ಸರಿಮಾಡಿಕೊಂಡು, ರಿಪೋರ್ಟನ್ನು ಅವನಿಗೂ ಕಾಣುವಂತೆ ಮೇಜಿನ ನಡುವಿಗೆ ತಿರುಗಿಸಿ, ಮೊದಲ ಸಾಲಿನಿಂದ ಹೇಳತೊಡಗಿದರು.